ಎಣ್ಣೆ ಹಾಕುವ ಕೆಲಸದಿಂದ ಮೇಲೆ ಬಂದ ಎಲೈಜಾ ಮೆಕಾಯ್



ಈ ಸಂಚಿಕೆಗೆ ಒಬ್ಬ ಸಾಧಕರ ಜೀವನದ ಬಗ್ಗೆ ಬರೆದುಕೊಡು ಎಂದು ನಮ್ಮ ಭೌತಶಾಸ್ತ್ರದ ಸರ್ ಹೇಳಿದಾಗ ಮೊದಲು ನೆನಪಾದವರು ಅಬ್ದುಲ್ ಕಲಾಂ ಮತ್ತು ಸರ್ ಎಂ. ವಿಶ್ವೇಶ್ವರಯ್ಯ. ಅವರ ಬಗ್ಗೆ ನಾವೆಲ್ಲರೂ ಓದಿದ್ದೇವೆ. ಆದ್ದರಿಂದ ನಾನು ಎಲೈಜಾ ಮೆಕಾಯ್ ಅವರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮ ಅಬ್ಬಾ ಕೆಂಗಲ್ ಹತ್ತಿರ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ ಲಾರಿ, ಟೆಂಪೋ ರಿಪೇರಿ ಮಾಡುತ್ತಾರೆ. ಎಷ್ಟು ಸೋಪು ಹಾಕಿ ತೊಳೆದರೂ ಅವರ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂದಿದ್ದ ಜಾಗದಲ್ಲಿ ನಾನು ಮೆಕ್ಯಾನಿಕ್ ಎಂದು ಬರೆಯದೆ ವ್ಯಾಪಾರ ಎಂದು ಬರೆದಿದ್ದೆ. ಪೋಷಕರ ಸಭೆಗೆ ಅಮ್ಮಿ ಒಬ್ಬರೇ ಬಂದರೆ ಸಾಕು ಎಂದೂ ಹೇಳಿದ್ದೆ.

ಹೋದ ವರ್ಷ ನಮ್ಮ ಚಾಚಾ ತಮ್ಮ ಟೆಂಪೋವನ್ನು ಗ್ಯಾರೇಜಿಗೆ ತಂದಿದ್ದರು. ಅಬ್ಬಾ ಡಿಪ್‌ಸ್ಟಿಕ್ ಎಳೆದು, ಅದರ ತುದಿಯ ಎಣ್ಣೆಯನ್ನು ಎರಡು ಬೆರಳ ಮಧ್ಯೆ ಉಜ್ಜಿ ಬಿಸಿಲಿಗೆ ಹಿಡಿದು ನೋಡಿದರು. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು, ಅದರಲ್ಲಿ ಸಣ್ಣ ಹೊಳಪೂ ಇತ್ತು. ಎಣ್ಣೆಗೆ ನೀರು ಸೇರುತ್ತಿದೆ, ಬೇರಿಂಗ್ ಸವೆಯುತ್ತಿದೆ, ಗಾಡಿ ಓಡಿಸಬೇಡ ಎಂದು ಎಚ್ಚರಿಸಿದರು. ಚಾಚಾಗೆ ಮಾರನೇ ದಿನವೇ ಲೋಡ್ ಮುಟ್ಟಿಸಬೇಕಿತ್ತು, ಗಾಡಿ ತೆಗೆದುಕೊಂಡು ಹೋದರು. ನಾಲ್ಕನೇ ದಿನ ಎಂಜಿನ್ ಜಾಮ್ ಆಯಿತು. ಬೇರಿಂಗ್‌ನ ಜೊತೆಗೆ ಕ್ರ್ಯಾಂಕ್ ಕೂಡ ಹಾಳಾಗಿತ್ತು. ಗಾಡಿ ಎರಡು ತಿಂಗಳು ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಚಾಚಿಯ ಬಳೆಗಳನ್ನು ಅಡವಿಡಬೇಕಾಯಿತು.

ಬೆರಳ ತುದಿಯ ಒಂದು ಹನಿ ಎಣ್ಣೆಯಿಂದ ಎಂಜಿನ್ ಒಳಗಿನ ವಿಷಯ ಅಬ್ಬಾಗೆ ಹೇಗೆ ತಿಳಿಯಿತು? ಇದನ್ನು ಹುಡುಕುತ್ತಾ ಹೋದಾಗ ನನಗೆ ಮೆಕಾಯ್ ಸಿಕ್ಕರು.

ಎಲೈಜಾ ಮೆಕಾಯ್ 1844ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಕೋಲ್ಚೆಸ್ಟರ್‌ನಲ್ಲಿ ಹುಟ್ಟಿದರು. ಅವರ ತಂದೆ ತಾಯಿ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಗುಲಾಮರಾಗಿದ್ದವರು, ಪ್ರಾಣ ಪಣಕ್ಕಿಟ್ಟು ಕೆನಡಾಕ್ಕೆ ತಪ್ಪಿಸಿಕೊಂಡು ಬಂದವರು. ಮನೆ ತುಂಬ ಮಕ್ಕಳು. ಆದರೂ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಈ ಮಗನ ಆಸಕ್ತಿ ನೋಡಿ, 15ನೇ ವಯಸ್ಸಿನಲ್ಲಿ ಅವನನ್ನು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಓದಲು ಕಳುಹಿಸಿದರು. ಅಲ್ಲಿ ಅವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕಲಿತರು.

ಮರಳಿ ಬರುವಷ್ಟರಲ್ಲಿ ಕುಟುಂಬ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿತ್ತು. ಗುಲಾಮಗಿರಿ ಕಾನೂನಿನಲ್ಲಿ ಮುಗಿದಿದ್ದರೂ ಬಣ್ಣದ ಭೇದ ಮುಗಿದಿರಲಿಲ್ಲ. ಕಲಿತ ಎಂಜಿನಿಯರ್ ಆಗಿದ್ದರೂ ಕಪ್ಪು ಜನಾಂಗದವರೆಂಬ ಕಾರಣಕ್ಕೆ ಅವರಿಗೆ ಆ ಹುದ್ದೆ ಸಿಗಲಿಲ್ಲ. ಮಿಷಿಗನ್ ಸೆಂಟ್ರಲ್ ರೈಲ್ವೆಯಲ್ಲಿ ಸಿಕ್ಕಿದ್ದು ಉಗಿಬಂಡಿಯ ಒಲೆಗೆ ಕಲ್ಲಿದ್ದಲು ತುಂಬುವ ಮತ್ತು ಯಂತ್ರದ ಭಾಗಗಳಿಗೆ ಎಣ್ಣೆ ಹಾಕುವ ಕೆಲಸ.

ಆ ಕಾಲದಲ್ಲಿ ರೈಲು ಆಗಾಗ ನಿಲ್ಲಬೇಕಿತ್ತು. ನಿಂತಾಗ ಕೆಲಸಗಾರರು ಕೆಳಗಿಳಿದು ಎಣ್ಣೆಯ ಡಬ್ಬಿ ಹಿಡಿದು ಒಂದೊಂದು ಭಾಗಕ್ಕೂ ಎಣ್ಣೆ ಬಿಡುತ್ತಿದ್ದರು. ಎಣ್ಣೆ ತಪ್ಪಿದರೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಸವೆದು ಹೋಗುತ್ತಿತ್ತು. ದಿನವೂ ಇದನ್ನು ಮಾಡಿದ ಮೆಕಾಯ್, ಯಂತ್ರ ಓಡುತ್ತಿರುವಾಗಲೇ ಅದಕ್ಕೆ ತಾನಾಗಿಯೇ ಎಣ್ಣೆ ಸಿಗುವ ದಾರಿ ಯೋಚಿಸಿದರು. ಸಿಲಿಂಡರಿನ ಮೇಲೆ ಎಣ್ಣೆಯ ಬಟ್ಟಲು ಇಟ್ಟು, ಉಗಿಯ ಒತ್ತಡದಿಂದಲೇ ಕವಾಟ ತೆರೆದು ಎಣ್ಣೆ ಒಳಗೆ ಇಳಿಯುವಂತೆ ಮಾಡಿದರು. 1872ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು.

ನಮ್ಮ ಊರಿನ ಕಡೆ ನೋಡಿದರೆ, ಬೆಂಗಳೂರಿನಿಂದ ರಾಮನಗರ, ಚನ್ನಪಟ್ಟಣ ದಾಟಿ ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ನಮ್ಮ ಹಳಿಗಳ ಮೇಲೆ ಉಗಿಬಂಡಿ ಓಡಲು ಶುರುವಾದ ಹೊತ್ತಿಗೆ ಅಲ್ಲಿ ಮೆಕಾಯ್ ತಮ್ಮ ಸಾಧನವನ್ನು ಮತ್ತೆ ಮತ್ತೆ ಸುಧಾರಿಸುತ್ತಿದ್ದರು. ಜೀವನದಲ್ಲಿ ಒಟ್ಟು 57ರಷ್ಟು ಪೇಟೆಂಟ್ ಪಡೆದರು. ಹೆಚ್ಚಿನವು ಎಣ್ಣೆ ಹಾಕುವ ಸಾಧನಗಳಿಗೆ. ಬಟ್ಟೆ ಇಸ್ತ್ರಿ ಮಾಡುವ ಮಡಚುವ ಹಲಗೆ, ಹುಲ್ಲಿಗೆ ನೀರು ಚಿಮುಕಿಸುವ ಸಾಧನ ಕೂಡ ಅದರಲ್ಲಿವೆ. ಹೆಚ್ಚು ಬಿಸಿಯ ಉಗಿಯಿಂದ ಓಡುವ ದೊಡ್ಡ ಎಂಜಿನ್‌ಗಳಲ್ಲಿ ಬರೀ ಎಣ್ಣೆ ಸಾಲುತ್ತಿರಲಿಲ್ಲ. ಅದಕ್ಕಾಗಿ ಎಣ್ಣೆಯ ಜೊತೆ ಗ್ರಾಫೈಟ್ ಪುಡಿ ಬಳಸುವ ಸಾಧನ ಮಾಡಿ 1915ರಲ್ಲಿ ಪೇಟೆಂಟ್ ಪಡೆದಾಗ ಅವರಿಗೆ 70 ವರ್ಷ ಆಗಿತ್ತು.

ಮೆಕಾಯ್ ಯಂತ್ರದ ಒಳಗೆ ಎಣ್ಣೆ ತಲುಪಿಸಿದರು. ಒಳಗೆ ಸುತ್ತಿ ಬಂದ ಎಣ್ಣೆ ಏನು ಹೇಳುತ್ತದೆ ಎಂದು ಓದಲು ಕಲಿತವರು ಅವರ ನಂತರದವರು. ಅದೂ ಶುರುವಾದದ್ದು ರೈಲ್ವೆಯಲ್ಲೇ. 1946ರಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ರೈಲ್ವೆಯ ಪ್ರಯೋಗಾಲಯದವರು ಡೀಸೆಲ್ ಎಂಜಿನ್‌ಗಳ ಬಳಸಿದ ಎಣ್ಣೆಯಲ್ಲಿರುವ ಲೋಹದ ಕಣಗಳನ್ನು ಅಳೆದು, ಎಂಜಿನ್ ಬಿಚ್ಚದೆಯೇ ತೊಂದರೆ ಪತ್ತೆ ಹಚ್ಚಿದರು. ನಂತರ ಈ ವಿಧಾನ ವಿಮಾನಗಳಿಗೂ ಬಂತು. ಭಾರತೀಯ ರೈಲ್ವೆಯ ಡೀಸೆಲ್ ಶೆಡ್‌ಗಳಲ್ಲೂ ಎಂಜಿನ್ ಆಯಿಲ್ ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಬೆಂಗಳೂರಿನ ಕೃಷ್ಣರಾಜಪುರದಲ್ಲಿ ಅಂಥ ಒಂದು ಡೀಸೆಲ್ ಶೆಡ್ ಇದೆ.

ಇದು ನಮ್ಮ ರಕ್ತ ಪರೀಕ್ಷೆ ಇದ್ದ ಹಾಗೆ. ಎಣ್ಣೆಯಲ್ಲಿ ಕಬ್ಬಿಣ ಹೆಚ್ಚಾದರೆ ಲೈನರ್ ಅಥವಾ ಗೇರ್ ಸವೆಯುತ್ತಿರಬಹುದು. ತಾಮ್ರ, ಸೀಸ ಹೆಚ್ಚಾದರೆ ಬೇರಿಂಗ್ ಕಡೆ ನೋಡಬೇಕು. ಕ್ರೋಮಿಯಂ ಬಂದರೆ ಪಿಸ್ಟನ್ ರಿಂಗ್, ಅಲ್ಯೂಮಿನಿಯಂ ಬಂದರೆ ಪಿಸ್ಟನ್. ಸಿಲಿಕಾನ್ ಕಂಡರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗುತ್ತಿರುವ ಸಾಧ್ಯತೆ ಹೆಚ್ಚು. ಸೋಡಿಯಂ ಕಂಡರೆ ರೇಡಿಯೇಟರಿನ ಕೂಲೆಂಟ್ ಎಣ್ಣೆಗೆ ಸೋರುತ್ತಿರಬಹುದು. ಎಣ್ಣೆ ತೀರಾ ತೆಳುವಾಗಿದ್ದರೆ ಅದಕ್ಕೆ ಡೀಸೆಲ್ ಬೆರೆತಿರಬಹುದು. ಲೋಹಗಳನ್ನು ಪಿಪಿಎಂ ಲೆಕ್ಕದಲ್ಲಿ, ಅಂದರೆ 10 ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂದು ಅಳೆಯುತ್ತಾರೆ.

ಒಂದು ಸಲದ ಅಳತೆಯಿಂದ ಪೂರ್ತಿ ತೀರ್ಮಾನಕ್ಕೆ ಬರುವುದಿಲ್ಲ. ಎಂಜಿನ್ ಬೆಚ್ಚಗಿರುವಾಗ, ಪ್ರತಿ ಸಲವೂ ಒಂದೇ ಜಾಗದಿಂದ, ಸ್ವಚ್ಛವಾದ ಬಾಟಲಿಯಲ್ಲಿ ಎಣ್ಣೆ ತೆಗೆದು, ಎಣ್ಣೆ ಬದಲಿಸಿ ಎಷ್ಟು ಗಂಟೆ ಅಥವಾ ಕಿಲೋಮೀಟರ್ ಆಯಿತು ಎಂದು ಬರೆದಿಡುತ್ತಾರೆ. ನಿಧಾನವಾಗಿ ಏರುತ್ತಿದ್ದ ಸಂಖ್ಯೆ ಒಮ್ಮೆಲೇ ಜಿಗಿದರೆ ಅದೇ ಎಚ್ಚರಿಕೆ.

ವಿಜ್ಞಾನ ವಿಭಾಗದ ಸ್ನೇಹಿತರೇ, ಲೋಹ ಅಳೆಯುವ ತತ್ವ ನಮಗೆ ಹೊಸದಲ್ಲ. ಲವಣ ವಿಶ್ಲೇಷಣೆಯ ಪ್ರಾಕ್ಟಿಕಲ್‌ನಲ್ಲಿ ನಾವು ಜ್ವಾಲಾ ಪರೀಕ್ಷೆ ಮಾಡುತ್ತೇವೆ. ತಾಮ್ರದ ಲವಣ ಹಸಿರು ಬಣ್ಣ ಕೊಡುತ್ತದೆ. ಸ್ಪೆಕ್ಟ್ರೋಮೀಟರ್ ಕೂಡ ಇದನ್ನೇ ಬಹಳ ಸೂಕ್ಷ್ಮವಾಗಿ ಮಾಡುತ್ತದೆ. ವಿದ್ಯುತ್ ಕಿಡಿಯಲ್ಲಿ ಎಣ್ಣೆಯನ್ನು ಸುಟ್ಟಾಗ ಒಂದೊಂದು ಧಾತುವೂ ತನ್ನದೇ ತರಂಗಾಂತರದ ಬೆಳಕು ಬಿಡುತ್ತದೆ. ಆ ಬೆಳಕು ಎಷ್ಟು ಪ್ರಖರವಾಗಿದೆ ಎಂಬುದರಿಂದ ಆ ಧಾತು ಎಷ್ಟಿದೆ ಎಂದು ತಿಳಿಯುತ್ತದೆ. ದೊಡ್ಡ ಕಣಗಳು ಕಿಡಿಯಲ್ಲಿ ಸರಿಯಾಗಿ ಸುಡುವುದಿಲ್ಲ. ಅವುಗಳನ್ನು ಅಯಸ್ಕಾಂತದಿಂದ ಹಿಡಿದು ಸೂಕ್ಷ್ಮದರ್ಶಕದಲ್ಲಿ ನೋಡುವ ಫೆರೋಗ್ರಫಿ ಎಂಬ ವಿಧಾನ 1970ರ ದಶಕದಲ್ಲಿ ಬಂತು.

ನಾನೂ ನಮ್ಮ ಸರ್ ಎದುರಿಗೆ ಒಂದು ಚಿಕ್ಕ ಪ್ರಯೋಗ ಮಾಡಿದೆ. ಗ್ಯಾರೇಜಿನಿಂದ ತಂದ ಎರಡು ಎಣ್ಣೆಗಳ ಒಂದೊಂದು ಹನಿಯನ್ನು ಫಿಲ್ಟರ್ ಪೇಪರ್ ಮೇಲೆ ಬಿಟ್ಟೆವು. ಒಂದು ಹನಿ ಒಂದೇ ಸಮನಾಗಿ ಹರಡಿತು. ಇನ್ನೊಂದು ನಡುವೆ ಗಟ್ಟಿ ಕಪ್ಪು ಚುಕ್ಕೆಯಾಗಿ ಉಳಿಯಿತು. ಎರಡನೆಯದು ಮಸಿ ಹೊರುವ ಶಕ್ತಿ ಕಳೆದುಕೊಂಡ, ಬದಲಿಸಬೇಕಾದ ಎಣ್ಣೆ. ಕಾಗದವನ್ನು ಮನೆಗೆ ತಂದು ತೋರಿಸಿದಾಗ ಯಾವ ಚುಕ್ಕೆ ಯಾವ ಗಾಡಿಯದು ಎಂದು ಅಬ್ಬಾ ನಾನು ಹೇಳುವ ಮೊದಲೇ ಹೇಳಿದರು.

ಮೆಕಾಯ್ ಅವರ ಕೊನೆಯ ದಿನಗಳು ಸುಖದಲ್ಲಿ ಕಳೆಯಲಿಲ್ಲ. ಕಾರ್ಖಾನೆ ಹಾಕಲು ಹಣವಿಲ್ಲದೆ ಹಲವು ಪೇಟೆಂಟ್‌ಗಳ ಹಕ್ಕನ್ನು ಬೇರೆಯವರಿಗೆ ಮಾರಿದ್ದರು. ಹಾಗಾಗಿ ಎಷ್ಟೋ ಸಾಧನಗಳ ಮೇಲೆ ಅವರ ಹೆಸರೇ ಇರಲಿಲ್ಲ. 1920ರಲ್ಲಿ, 70 ದಾಟಿದ ಮೇಲೆ, ತಮ್ಮ ಹೆಸರಿನಲ್ಲೇ ಕಂಪನಿ ಆರಂಭಿಸಿದರು. 1922ರಲ್ಲಿ ಅವರಿಗೂ ಪತ್ನಿ ಮೇರಿಯವರಿಗೂ ವಾಹನ ಅಪಘಾತವಾಯಿತು. ಆ ಗಾಯಗಳಿಂದ ಪತ್ನಿ ಚೇತರಿಸಿಕೊಳ್ಳದೆ ತೀರಿಕೊಂಡರು. ಮೆಕಾಯ್ ಆರೋಗ್ಯವೂ ಕೈಕೊಟ್ಟಿತು. 1929ರ ಅಕ್ಟೋಬರ್ 10ರಂದು ಅವರು ನಿಧನರಾದರು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಇಂದು ಡೆಟ್ರಾಯಿಟ್‌ನಲ್ಲಿರುವ ಪೇಟೆಂಟ್ ಕಚೇರಿಗೆ ಅವರದೇ ಹೆಸರಿದೆ.

ಕೀಳೆಂದು ಕೊಟ್ಟ ಕೆಲಸವನ್ನು ಮೆಕಾಯ್ ಕಣ್ಣು ತೆರೆದು ಮಾಡಿದರು. ಎಂಜಿನಿಯರ್ ಹುದ್ದೆ ಕೊಡದವರ ಹೆಸರು ಇಂದು ಯಾರಿಗೂ ನೆನಪಿಲ್ಲ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಯಂತ್ರಗಳ ಮುಂದೆ, ಚನ್ನಪಟ್ಟಣದ ಬೊಂಬೆ ಕಡೆಯುವ ಲೇತ್‌ಗಳ ಮುಂದೆ ಕೂರುವವರ ಮಕ್ಕಳು ನಮ್ಮ ಕಾಲೇಜಿನಲ್ಲಿ ಎಷ್ಟೋ ಮಂದಿ ಇದ್ದಾರೆ. ನಿಮ್ಮ ಮನೆಯವರ ಕೈಗೆ ಏನೇನು ಗೊತ್ತಿದೆ ಎಂದು ಒಮ್ಮೆ ಕೇಳಿ ನೋಡಿ. ನಮ್ಮ ಪಠ್ಯದ ಎಷ್ಟೋ ಪಾಠ ಅಲ್ಲಿ ಸಿಗುತ್ತದೆ.

ಚಾಚಾ ಈಗ ಗ್ಯಾರೇಜಿಗೆ ಬಂದಾಗಲೆಲ್ಲ ತಾವೇ ಡಿಪ್‌ಸ್ಟಿಕ್ ಎಳೆದು ಅಬ್ಬಾ ಕೈಗೆ ಕೊಡುತ್ತಾರೆ. ನಾನೊಂದು ನೋಟ್‌ಬುಕ್ ಇಟ್ಟು, ಪ್ರತಿ ಗಾಡಿಯ ಎಣ್ಣೆಯ ಚುಕ್ಕೆ ಅಂಟಿಸಿ ದಿನಾಂಕ ಬರೆಯುತ್ತಿದ್ದೇನೆ. ಈ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗ ಮೆಕ್ಯಾನಿಕ್ ಎಂದು ಬರೆದಿದ್ದೇನೆ. ಮುಂದಿನ ಪೋಷಕರ ಸಭೆಗೆ ಅಬ್ಬಾ ಬರುತ್ತಾರೆ.