ಬೆನೆಗಲ್ ನರಸಿಂಗರಾಯರು

ಬೆಟ್ಟದ ಮೇಲಿನ ಕೋಟೆಯನ್ನು ದಿನವೂ ಕಾಣುವ ನಮಗೆ, ಇಬ್ಬರು ಬಲಾಢ್ಯರ ನಡುವೆ ಸಿಕ್ಕಿಕೊಂಡವನ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಹೈದರಾಲಿ, ಇನ್ನೊಂದು ಕಡೆ ಪೇಶ್ವೆಯ ಮರಾಠರು. ಇವರ ನಡುವೆ ತೂಗಾಡಿದ ಕೊನೆಯ ಮದಕರಿನಾಯಕನು 1779ರಲ್ಲಿ ದುರ್ಗವನ್ನೇ ಕಳೆದುಕೊಂಡನು. ಅಂಥದೇ ಇಕ್ಕಟ್ಟಿನಲ್ಲಿ, ಮಾತೊಂದನ್ನೇ ನೆಚ್ಚಿ ನಿಂತ ಕನ್ನಡನಾಡಿನ ಇನ್ನೊಬ್ಬ ಮಹನೀಯರನ್ನು ನಮ್ಮಲ್ಲಿ ಅನೇಕರು ಅರಿಯರು. ಅವರೇ ಸರ್ ಬೆನೆಗಲ್ ನರಸಿಂಗರಾಯರು.

ರಾಯರು 1887ರ ಫೆಬ್ರವರಿ 26ರಂದು ದಕ್ಷಿಣ ಕನ್ನಡದಲ್ಲಿ ಜನಿಸಿದರು. ತಂದೆ ವೈದ್ಯರು. ಮಂಗಳೂರಿನ ಕೆನರಾ ಹೈಸ್ಕೂಲಿನಿಂದ ಮದರಾಸು ಪ್ರಾಂತ್ಯಕ್ಕೇ ಮೊದಲಿಗರಾಗಿ ತೇರ್ಗಡೆ ಹೊಂದಿ, ಮುಂದೆ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜನ್ನು ಸೇರಿದರು. ನೆಹರೂ ಅವರೂ ಆಗ ಅಲ್ಲಿಯೇ ಓದುತ್ತಿದ್ದರು. ಐ.ಸಿ.ಎಸ್. ಅಧಿಕಾರಿಯಾಗಿ ಬಂಗಾಳಕ್ಕೆ ಬಂದು, ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿ, ಕೆಲಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಗಳೂ ಆಗಿ, 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾದರು. 1947ರ ಅಕ್ಟೋಬರಿನಲ್ಲಿ ಅವರು ಸಿದ್ಧಪಡಿಸಿದ ಕರಡನ್ನು ಆಧಾರವಾಗಿಟ್ಟುಕೊಂಡು ಡಾ. ಅಂಬೇಡ್ಕರ್ ಅವರ ಸಮಿತಿ ಕೆಲಸ ನಡೆಸಿತು. ನಾನು ಓದಿದ ಪಠ್ಯಪುಸ್ತಕದಲ್ಲಿ ರಾಯರ ಹೆಸರು ಇಲ್ಲಿಗೆ ಮುಗಿಯುತ್ತದೆ. ನನಗೆ ಮುಖ್ಯವೆಂದು ತೋರುವುದು ಮುಂದಿನ ಭಾಗ.

1950ರ ಜೂನ್ ತಿಂಗಳು. ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಗಳು. ನ್ಯೂಯಾರ್ಕಿನ ಹತ್ತಿರ ಲೇಕ್ ಸಕ್ಸೆಸ್ ಎಂಬಲ್ಲಿ, ಯುದ್ಧಕಾಲದ ಒಂದು ಕಾರ್ಖಾನೆಯ ಕಟ್ಟಡದಲ್ಲಿ ಭದ್ರತಾ ಮಂಡಳಿ ಸೇರುತ್ತಿತ್ತು. ಅದರ ಅಧ್ಯಕ್ಷತೆ ತಿಂಗಳಿಗೊಂದು ದೇಶದಂತೆ ಸರದಿಯಲ್ಲಿ ಬರುವುದು. ಆ ತಿಂಗಳು ಭಾರತದ ಸರದಿ. 25ರ ಭಾನುವಾರ, ಉತ್ತರ ಕೊರಿಯದ ಸೈನ್ಯ ದಕ್ಷಿಣಕ್ಕೆ ನುಗ್ಗಿತೆಂದು ಮಂಡಳಿಯನ್ನು ಅವಸರದಲ್ಲಿ ಕರೆಯಲಾಯಿತು. ಚೀನದ ಸ್ಥಾನ ಮಾವೋ ಅವರ ಸರ್ಕಾರಕ್ಕೆ ಸಲ್ಲಬೇಕೆಂದು ಹಟಹಿಡಿದಿದ್ದ ರಷ್ಯದ ಪ್ರತಿನಿಧಿ ಜನವರಿಯಿಂದ ಸಭೆಗೇ ಬರುತ್ತಿರಲಿಲ್ಲ. ಉತ್ತರದ ಸೈನ್ಯ ಹಿಂದಿರುಗಬೇಕೆಂಬ ನಿರ್ಣಯಕ್ಕೆ, ಅಧ್ಯಕ್ಷಪೀಠದಲ್ಲಿದ್ದ ರಾಯರು ಭಾರತದ ಮತವನ್ನು ಕೊಟ್ಟರು.

ಎರಡು ದಿನಗಳ ಮೇಲೆ ಅಮೆರಿಕ ಇನ್ನೊಂದು ನಿರ್ಣಯವನ್ನು ತಂದಿತು. ದಕ್ಷಿಣ ಕೊರಿಯಕ್ಕೆ ಸದಸ್ಯ ರಾಷ್ಟ್ರಗಳು ನೆರವು ಕೊಟ್ಟು ದಾಳಿಯನ್ನು ಹಿಮ್ಮೆಟ್ಟಿಸಬೇಕೆಂಬುದು ಅದರ ತಾತ್ಪರ್ಯ. ದೆಹಲಿಯಿಂದ ಸೂಚನೆ ಬಂದಿರಲಿಲ್ಲ. ಸಭೆ ರಾತ್ರಿಯವರೆಗೂ ಕಾದಿತು. ಕೊನೆಗೆ ಭಾರತ, ಈಜಿಪ್ಟ್ ಎರಡೂ ಮತದಾನದಲ್ಲಿ ಸೇರಲಿಲ್ಲ. ಭಾರತ ಆ ನಿರ್ಣಯವನ್ನು ಒಪ್ಪಿದ್ದು 29ರಂದು. ಇದನ್ನು ಹಿಂಜರಿಕೆ ಎನ್ನುವವರು ಇರಬಹುದು. ನಾನು ಹಾಗೆನ್ನಲಾರೆ. ಪ್ರತಿನಿಧಿಯ ನಾಲಗೆಯ ಮೇಲೆ ಒಂದು ದೇಶದ ಮಾತಿರುತ್ತದೆ. ಇಡೀ ಸಭೆ ತನ್ನ ಮುಖವನ್ನೇ ನೋಡುತ್ತಿರುವಾಗ ಸುಮ್ಮನೆ ಕಾಯುವುದು ಸುಲಭವಲ್ಲ. ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಮೊದಲು ಹತ್ತಿದವನು ನಾನು. ಮೇಜು ಗುದ್ದಿ ಮಾತನಾಡುವವರೇ ವಾಗ್ಮಿಗಳೆಂದು ನಂಬಿ, ನಮ್ಮ ಚರ್ಚಾಕೂಟದಲ್ಲಿ ಅಂಥವರಿಗೆ ಕೈ ನೋಯುವಷ್ಟು ಚಪ್ಪಾಳೆ ತಟ್ಟಿದ್ದೇನೆ!

ಶರತ್ಕಾಲದ ಹೊತ್ತಿಗೆ ಯುದ್ಧ ತಿರುಗಿ, ಅಮೆರಿಕದ ಸೈನ್ಯ ಉತ್ತರದ ಗಡಿಯಾದ 38ನೆಯ ಅಕ್ಷಾಂಶವನ್ನು ಮುಟ್ಟಿತು. ಅದನ್ನು ದಾಟಿದರೆ ತಾನು ಸುಮ್ಮನಿರಲಾರೆನೆಂದು ಚೀನ ಪೀಕಿಂಗಿನಲ್ಲಿದ್ದ ನಮ್ಮ ರಾಯಭಾರಿ ಪಣಿಕ್ಕರ್ ಅವರಿಗೆ ತಿಳಿಸಿತು. ಭಾರತ ಎಚ್ಚರಿಸಿತು, ಕೇಳಿದವರಿಲ್ಲ. ಮುಂದುವರಿಯಲು ದಾರಿ ಮಾಡಿಕೊಟ್ಟ ಅಕ್ಟೋಬರ್ 7ರ ನಿರ್ಣಯ 47 ಮತಗಳಿಂದ ಗೆದ್ದಿತು. ಭಾರತ ತಟಸ್ಥವಾಗಿ ಉಳಿಯಿತು. ಚೀನದ ಸೈನ್ಯ ಬಂದೇ ಬಂದಿತು.

ಆಗ ಎಲ್ಲರ ಕಣ್ಣೂ ರಾಯರ ಕಡೆಗೆ ಹೊರಳಿದುವು. ನ್ಯೂಯಾರ್ಕಿಗೆ ಬಂದಿದ್ದ ಚೀನದ ವೂ ಅವರೊಡನೆ ಅವರು ಮಾತುಕತೆ ನಡೆಸಿದರು. ಡಿಸೆಂಬರ್ 14ರಂದು ಮಹಾಸಭೆ ಕದನವಿರಾಮಕ್ಕಾಗಿ ಮೂವರನ್ನು ನೇಮಿಸಿತು: ಇರಾನಿನ ಎಂತೆಜಾಮ್, ಕೆನಡದ ಪಿಯರ್ಸನ್, ನಮ್ಮ ರಾಯರು. ಮೊದಲು ಗುಂಡು ನಿಲ್ಲಲಿ, ಆಮೇಲೆ ಅಮೆರಿಕ, ಬ್ರಿಟನ್, ರಷ್ಯ, ಚೀನಗಳು ಕುಳಿತು ಮಾತನಾಡಲಿ ಎಂಬುದು ಅವರು ಹೆಣೆದ ಸೂತ್ರ. ಗುಂಡು ಮೊದಲು ನಿಂತರೆ ಎದುರಾಳಿಗೆ ಉಸಿರಾಡಲು ಬಿಡುವು ಸಿಕ್ಕೀತೆಂದು ಚೀನ 1951ರ ಜನವರಿ 17ರಂದು ಅದನ್ನು ತಿರಸ್ಕರಿಸಿತು. ಅಮೆರಿಕ ಚೀನವನ್ನು ಆಕ್ರಮಣಕಾರಿ ಎಂದು ಸಾರುವ ನಿರ್ಣಯ ತಂದಿತು. ಹಾಗೆ ಸಾರಿದರೆ ಸಂಧಾನದ ಬಾಗಿಲು ಮುಚ್ಚುವುದೆಂದು ರಾಯರು ವಾದಿಸಿದರು. ಫೆಬ್ರವರಿ 1ರಂದು ಅದು 44 ಮತಗಳಿಂದ ಗೆದ್ದಾಗ, ಭಾರತ ರಷ್ಯದ ಬಣದೊಡನೆ ವಿರುದ್ಧ ಮತ ಹಾಕಿತ್ತು.

ಜೂನಿನಲ್ಲಿ ಅತ್ತ, ಫೆಬ್ರವರಿಯಲ್ಲಿ ಇತ್ತ. ನಮ್ಮ ಹೊಸದುರ್ಗದ ಕಡೆ ಹೊಲದ ಬದುವಿನ ಜಗಳಕ್ಕೆ ಪಂಚಾಯಿತಿ ಕೂತಾಗ, ನಡುವೆ ನಿಂತು ನ್ಯಾಯ ಹೇಳುವವನ ಮೇಲೆ ಇಬ್ಬರಿಗೂ ಅನುಮಾನ ಬರುವುದನ್ನು ನಾನು ಕಂಡಿದ್ದೇನೆ. ಮಾರನೆಯ ಬೆಳಿಗ್ಗೆ ಅವನೊಡನೆ ಇಬ್ಬರೂ ಮಾತು ಬಿಟ್ಟಿರುತ್ತಾರೆ. ರಾಯರ ಸೂತ್ರ ಸೋತಿತು ನಿಜ. ಆದರೆ ಅದಾದ ಮೇಲೆ ಎರಡು ವರ್ಷಗಳಿಗೂ ಹೆಚ್ಚು ಕಾಲ ಲಕ್ಷಾಂತರ ಜನ ಸತ್ತು, 1953ರ ಜುಲೈ 27ರಂದು ಕದನವಿರಾಮವಾದಾಗ, ಗಡಿ ನಿಂತದ್ದು ಬಹುಮಟ್ಟಿಗೆ ಯುದ್ಧ ಹೊರಟ ಜಾಗದಲ್ಲಿಯೇ.

ರಾಯರು 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಹೋಗಿದ್ದರು. ಬಹುಬೇಗ ಕಾಯಿಲೆ ಹಿಡಿಯಿತು. ಊರಿಗೆ ಮರಳಲೊಲ್ಲದ ಯುದ್ಧಕೈದಿಗಳ ವಿಚಾರಕ್ಕೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಕೊಡಗಿನ ಜನರಲ್ ತಿಮ್ಮಯ್ಯನವರು ಕೊರಿಯದಲ್ಲಿದ್ದರು. ಆ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ, ನವೆಂಬರ್ 30ರಂದು, ಜ್ಯೂರಿಕ್ ನಗರದಲ್ಲಿ ರಾಯರು ತೀರಿಕೊಂಡರು. ಅವರಿಗಾಗ ಅರುವತ್ತಾರು ವರ್ಷ.