ಹತ್ತಕ್ಕೆ ಎಂಟು: ಆರ್ವೆಲ್ ಹುಡುಕಿದ ಪಬ್

ಜಾರ್ಜ್ ಆರ್ವೆಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಎರಡು ಪುಸ್ತಕ. ಒಂದು, ಹಂದಿಗಳು ರಾಜ್ಯಭಾರ ಮಾಡುವ ‘ಅನಿಮಲ್ ಫಾರ್ಮ್’. ಇನ್ನೊಂದು, ಗೋಡೆಯ ಮೇಲಿನ ಪರದೆಯೇ ಮನುಷ್ಯರನ್ನು ನೋಡುತ್ತಿರುವ ‘ನೈಂಟೀನ್ ಎಯ್ಟಿ ಫೋರ್’. ಇಷ್ಟು ಗಂಭೀರ ಮನುಷ್ಯ ಒಂದು ಒಳ್ಳೆಯ ಪಬ್ ಹೇಗಿರಬೇಕು ಅಂತ ಹತ್ತು ಅಂಶಗಳ ಅಳತೆಗೋಲು ಮಾಡಿ, ಅದನ್ನು ಲಂಡನ್ನಿನ ಸಂಜೆ ಪತ್ರಿಕೆಯಲ್ಲಿ ಬರೆದಿದ್ದರು ಅಂದರೆ ನಂಬ್ತೀರಾ? ಹೆಚ್ಚುಕಡಿಮೆ ನಾವು ಪ್ರಾಜೆಕ್ಟ್ ಶುರು ಮಾಡೋಕೆ ಮುಂಚೆ ಬರೆಯೋ ರಿಕ್ವೈರ್‌ಮೆಂಟ್ ಪಟ್ಟಿಯ ಹಾಗೆ. ಆ ಪಟ್ಟಿ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ಅವರ ಇಡೀ ಬದುಕೇ ಎದುರಿಗೆ ಬಂದು ನಿಲ್ಲುತ್ತೆ. ಕುಡಿಯೋದರ ಬಗ್ಗೆ ಲೇಖನ ಅಂದುಕೊಂಡು ಹಾಸ್ಟೆಲ್ ವಾರ್ಡನ್ ಗಾಬರಿಯಾಗೋದು ಬೇಡ. ಇದು ಮಾತಾಡೋದರ ಬಗ್ಗೆ.

ಮೊದಲು ಒಂದು ವಿಷಯ. ನಮಗೆ ಪಬ್ ಅಂದರೆ ಬಣ್ಣದ ದೀಪ, ಕಿವಿ ಗುಂಯ್‌ಗುಡುವ ಸಂಗೀತ. ಇಂಗ್ಲೆಂಡಿನ ಹಳೆ ಪಬ್ ಹಾಗಲ್ಲ. ‘ಪಬ್ಲಿಕ್ ಹೌಸ್’ ಅನ್ನೋ ಹೆಸರನ್ನು ಚಿಕ್ಕದು ಮಾಡಿದರೆ ಪಬ್. ಊರಿನವರು ಸಂಜೆ ಬಂದು ಕೂತು ಹರಟೆ ಹೊಡೆಯೋ ಜಾಗ ಅದು. ಆದರೆ ಆ ಮನೆಯೊಳಗೂ ಗೋಡೆಗಳಿದ್ದವು. ಕೂಲಿ ಕಾರ್ಮಿಕರಿಗೆ ‘ಪಬ್ಲಿಕ್ ಬಾರ್’. ಅಲ್ಲಿ ಬರೀ ಮರದ ಬೆಂಚು, ಬಿಯರ್ ಸ್ವಲ್ಪ ಅಗ್ಗ. ಅನುಕೂಲಸ್ಥರಿಗೆ ‘ಸಲೂನ್ ಬಾರ್’. ಅಲ್ಲಿ ಮೆತ್ತನೆ ಕುರ್ಚಿ, ಬೆಲೆ ಸ್ವಲ್ಪ ಜಾಸ್ತಿ. ಎಷ್ಟೋ ಕಡೆ ಬಾಗಿಲೂ ಬೇರೆ ಬೇರೆ. ಯಾವ ಬಾಗಿಲಿಂದ ಒಳಗೆ ಹೋಗ್ತೀರಿ ಅನ್ನೋದರಲ್ಲೇ ನೀವು ಯಾರು ಅಂತ ಗೊತ್ತಾಗುತ್ತಿತ್ತು.

ಆರ್ವೆಲ್ ಹುಟ್ಟಿನಿಂದ ಸಲೂನ್ ಬಾರಿನ ಬಾಗಿಲಿನವರು. ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಹುಟ್ಟಿದ್ದು 1903ರ ಜೂನ್ 25ರಂದು, ನಮ್ಮದೇ ದೇಶದ ಬಿಹಾರದ ಮೋತಿಹಾರಿಯಲ್ಲಿ. ಅಪ್ಪ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿ. ಮಗುವಿಗೆ ಸುಮಾರು ಒಂದು ವರ್ಷ ಆದಾಗ ಅಮ್ಮ ಇಂಗ್ಲೆಂಡಿಗೆ ಕರೆದುಕೊಂಡು ಹೋದರು. ಮುಂದೆ ಸ್ಕಾಲರ್‌ಶಿಪ್ ಸಿಕ್ಕಿ ಓದಿದ್ದು ಈಟನ್‌ನಲ್ಲಿ, ಅಂದರೆ ಆ ದೇಶದ ಶ್ರೀಮಂತರ ಮಕ್ಕಳು ಓದೋ ಶಾಲೆಯಲ್ಲಿ. ಕಾಲೇಜಿಗೆ ಹೋಗಲಿಲ್ಲ. 1922ರಲ್ಲಿ ಪೊಲೀಸ್ ಅಧಿಕಾರಿಯಾಗಿ ಬರ್ಮಾಕ್ಕೆ ಹೊರಟರು. ಐದು ವರ್ಷ ಸಾಮ್ರಾಜ್ಯದ ಲಾಠಿಯಾಗಿ ಕೆಲಸ ಮಾಡಿದ ಮೇಲೆ ಅದು ಸಾಕಾಯ್ತು. 1927ರಲ್ಲಿ ರಜೆ ಮೇಲೆ ಬಂದವರು ರಾಜೀನಾಮೆ ಕೊಟ್ಟುಬಿಟ್ಟರು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಬರಹಗಾರ ಆಗ್ತೀನಿ ಅನ್ನೋ ಹಠ ಒಂದಿತ್ತು. ಅದರ ಜೊತೆಗೆ, ತುಳಿಯುವವರ ಸಾಲಿನಲ್ಲಿ ಇಷ್ಟು ದಿನ ನಿಂತಿದ್ದೆನಲ್ಲ ಅನ್ನೋ ನೋವು.

ಆ ನೋವೇ ಅವರನ್ನು ಇನ್ನೊಂದು ಬಾಗಿಲಿಗೆ ಕರೆದುಕೊಂಡು ಹೋಯ್ತು. ಹಳೆ ಬಟ್ಟೆ ಹಾಕಿಕೊಂಡು ಲಂಡನ್ನಿನ ಬೀದಿಗಿಳಿದರು. ನಿರ್ಗತಿಕರ ವಸತಿಗಳಲ್ಲಿ ಮಲಗಿದರು. ಪ್ಯಾರಿಸ್‌ನ ಹೋಟೆಲಿನಲ್ಲಿ ಪಾತ್ರೆ ತೊಳೆದರು. 1931ರಲ್ಲಿ ಕೆಂಟ್ ಪ್ರಾಂತ್ಯದ ತೋಟಗಳಿಗೆ ಹೋಗಿ ಕೂಲಿಯವರ ಜೊತೆ ಹಾಪ್ಸ್ ಕಿತ್ತರು. ಬಿಯರಿಗೆ ಕಹಿ ರುಚಿ ಕೊಡೋದು ಈ ಹಾಪ್ಸ್ ಅನ್ನೋ ಬಳ್ಳಿಯ ಹೂವೇ. ಬಳ್ಳಿಯ ಮುಳ್ಳಿಗೆ ಕೈ ತರಚಿ, ರಸಕ್ಕೆ ಬೆರಳೆಲ್ಲ ಕಪ್ಪಾಗುತ್ತಿತ್ತು. ಸಿಗುತ್ತಿದ್ದ ಕೂಲಿ ಮಾತ್ರ ತೀರಾ ಕಡಿಮೆ. ಒಂದು ಲೋಟ ಬಿಯರಿನ ಹಿಂದೆ ಯಾರ ಬೆರಳುಗಳಿವೆ ಅಂತ ಸ್ವಂತ ಅನುಭವದಿಂದ ಗೊತ್ತಿದ್ದ ಲೇಖಕರು ಅವರು.

ಅದೇ ವರ್ಷ ಡಿಸೆಂಬರಿನಲ್ಲಿ ಇನ್ನೊಂದು ಹುಚ್ಚು ಸಾಹಸ. ಕ್ರಿಸ್‌ಮಸ್ ಹಬ್ಬಕ್ಕೆ ಜೈಲಿನೊಳಗೆ ಇರೋದು ಹೇಗಿರುತ್ತೆ ಅಂತ ನೋಡಬೇಕಿತ್ತು. ಅದಕ್ಕೆ ಬೇಕಂತಲೇ ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಕುಡಿದು, ಪೂರ್ವ ಲಂಡನ್ನಿನ ಮೈಲ್ ಎಂಡ್ ರಸ್ತೆಯಲ್ಲಿ ತೂರಾಡಿ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಹೆಸರನ್ನೂ ಸುಳ್ಳು ಹೇಳಿದರು. ಆದರೆ ಪ್ರಯೋಗ ಫೇಲ್. ಜೈಲಿಗೆ ಕಳಿಸೋಷ್ಟು ದೊಡ್ಡ ಅಪರಾಧ ಇದಲ್ಲ ಅಂತ ಬಿಟ್ಟುಬಿಟ್ಟರು! ಕುಡಿತ ಅಂದರೆ ಏನು, ಕುಡಿದವರನ್ನು ಸಮಾಜ ಹೇಗೆ ನಡೆಸಿಕೊಳ್ಳುತ್ತೆ ಅನ್ನೋದನ್ನು ಲಾಕಪ್ಪಿನೊಳಗೆ ಕೂತು ನೋಡಿಯೇ ಮುಂದೆ ಅವರು ಪಬ್ ಬಗ್ಗೆ ಬರೆದಿದ್ದು.

1933ರಲ್ಲಿ ಮೊದಲ ಪುಸ್ತಕ ಬಂತು. ಮನೆಯವರಿಗೆ ಮುಜುಗರ ಆಗಬಾರದು ಅಂತ ಹೆಸರು ಬದಲಾಯಿಸಿಕೊಂಡು ಜಾರ್ಜ್ ಆರ್ವೆಲ್ ಆದರು. ಆರ್ವೆಲ್ ಅನ್ನೋದು ಪೂರ್ವ ಇಂಗ್ಲೆಂಡಿನ ಒಂದು ನದಿ. 1936ರಲ್ಲಿ ಉತ್ತರದ ಗಣಿ ಊರು ವಿಗನ್‌ಗೆ ಹೋಗಿ ಕಲ್ಲಿದ್ದಲು ಕಾರ್ಮಿಕರ ನಡುವೆ ಇದ್ದು, ಗಣಿಯೊಳಗೂ ಇಳಿದು ಬಂದರು. ಅದೇ ವರ್ಷ ಐಲೀನ್ ಅವರನ್ನು ಮದುವೆಯಾದರು. ವರ್ಷದ ಕೊನೆಗೆ ಸ್ಪೇನಿನ ಅಂತರ್ಯುದ್ಧಕ್ಕೆ ಹೊರಟರು. 1937ರ ಮೇ ತಿಂಗಳಲ್ಲಿ ಗುಂಡೊಂದು ಗಂಟಲನ್ನು ಸೀಳಿಕೊಂಡು ಹೋಯ್ತು. ಬದುಕಿದ್ದೇ ಹೆಚ್ಚು. ಆಮೇಲೆ ಅವರ ದನಿ ಕ್ಷೀಣವಾಯ್ತು. ಗದ್ದಲದ ಜಾಗದಲ್ಲಿ ಅವರ ಮಾತು ಕೇಳಿಸುತ್ತಲೇ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರೋಕೆ ಅವರ ಶ್ವಾಸಕೋಶ ಬಿಡಲಿಲ್ಲ. 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಕೆಲಸ. ಅದೂ ಭಾರತಕ್ಕೆ ಪ್ರಸಾರ ಆಗುತ್ತಿದ್ದ ಕಾರ್ಯಕ್ರಮಗಳ ವಿಭಾಗದಲ್ಲಿ. ಮುಲ್ಕ್ ರಾಜ್ ಆನಂದ್ ಅವರಂಥ ಭಾರತೀಯ ಲೇಖಕರ ಜೊತೆ ಮೈಕಿನ ಮುಂದೆ ಕೂತರು. ಕೆಲಸ ಮುಗಿದ ಮೇಲೆ ಹತ್ತಿರದ ಫಿಟ್ಜ್‌ರೋವಿಯಾ ಬಡಾವಣೆಯ ಪಬ್‌ಗಳಲ್ಲಿ ಲೇಖಕರು, ಕಲಾವಿದರು ಸೇರುತ್ತಿದ್ದರು. ಆರ್ವೆಲ್ ಕೂಡ ಅಲ್ಲಿಗೆ ಹೋಗುತ್ತಿದ್ದರು.

ಆ ಹೊತ್ತಿಗೆ ಒಂದು ಸ್ವಾರಸ್ಯದ ಪುಸ್ತಕ ಬಂತು. ‘ಮಾಸ್ ಅಬ್ಸರ್ವೇಷನ್’ ಅನ್ನೋ ಗುಂಪಿನವರು ಬೋಲ್ಟನ್ ಅನ್ನೋ ಗಿರಣಿ ಊರಿನ ಪಬ್‌ಗಳಲ್ಲಿ ಕೂತು ಜನರನ್ನು ಗಮನಿಸಿ ಬರೆದ ಅಧ್ಯಯನ ಅದು. ಯಾರು ಎಷ್ಟು ನಿಮಿಷಕ್ಕೆ ಒಂದು ಲೋಟ ಮುಗಿಸ್ತಾರೆ, ಏನು ಮಾತಾಡ್ತಾರೆ, ಯಾವ ದಿನ ಎಷ್ಟು ಜನ ಬರ್ತಾರೆ, ಎಲ್ಲ ಗಡಿಯಾರ ಹಿಡಿದು ಲೆಕ್ಕ ಹಾಕಿದ್ದರು. ಡೇಟಾ ಕಲೆಕ್ಷನ್ ಅಂದರೆ ಇದು! 1943ರಲ್ಲಿ ಆರ್ವೆಲ್ ಈ ಪುಸ್ತಕದ ವಿಮರ್ಶೆ ಬರೆದರು. ಅವರ ಕಣ್ಣಿಗೆ ಬಿದ್ದಿದ್ದು ಒಂದು ಇಳಿಜಾರು. ಜನ ಕೂಡಿ ಕಳೆಯುತ್ತಿದ್ದ ಸಂಜೆಗಳು ಕಡಿಮೆಯಾಗಿ, ಸುಮ್ಮನೆ ಕೂತು ನೋಡುವ ಸಿನಿಮಾ, ಸುಮ್ಮನೆ ಕೂತು ಕೇಳುವ ರೇಡಿಯೋ ಆ ಜಾಗಕ್ಕೆ ಬರುತ್ತಿವೆ ಅನ್ನೋದು ಅವರ ಚಿಂತೆ. ಕ್ಯಾಂಟೀನಿನಲ್ಲಿ ಒಂದೇ ಟೇಬಲಿಗೆ ನಾಲ್ಕು ಜನ ಕೂತು ನಾಲ್ಕು ಫೋನ್ ನೋಡೋ ನಮಗೆ ಈ ಚಿಂತೆ ಹಳೆಯದು ಅನ್ನಿಸೋದಿಲ್ಲ.

ಯುದ್ಧದ ಕೊನೆ ವರ್ಷಗಳು ಅವರಿಗೆ ಕೊಟ್ಟಿದ್ದಕ್ಕಿಂತ ಕಿತ್ತುಕೊಂಡಿದ್ದೇ ಜಾಸ್ತಿ. 1944ರಲ್ಲಿ ಗಂಡ ಹೆಂಡತಿ ಒಂದು ಗಂಡು ಮಗುವನ್ನು ದತ್ತು ತೆಗೆದುಕೊಂಡರು. ಅದೇ ಬೇಸಿಗೆಯಲ್ಲಿ ಜರ್ಮನಿಯ ಹಾರುಬಾಂಬಿಗೆ ಮನೆ ಹಾಳಾಯ್ತು. ಲಂಡನ್ನಿನ ಇಸ್ಲಿಂಗ್ಟನ್ ಕಡೆ, ಕ್ಯಾನನ್‌ಬರಿ ಚೌಕದ ಒಂದು ಮಹಡಿ ಮನೆಗೆ ಹೋದರು. 1945ರ ಮಾರ್ಚಿನಲ್ಲಿ ಆಪರೇಷನ್‌ಗೆ ಅಂತ ಅರಿವಳಿಕೆ ಕೊಟ್ಟ ಹೊತ್ತಿನಲ್ಲಿ ಐಲೀನ್ ತೀರಿಕೊಂಡರು. ಆಗಸ್ಟಿನಲ್ಲಿ ‘ಅನಿಮಲ್ ಫಾರ್ಮ್’ ಬಂತು, ಹೆಸರು ಬಂತು, ದುಡ್ಡೂ ಬಂತು. ಹಂಚಿಕೊಳ್ಳಬೇಕಾದವರೇ ಇರಲಿಲ್ಲ. ಕೈಯಲ್ಲಿ ಎರಡು ವರ್ಷ ತುಂಬದ ಮಗು, ಎದೆಯಲ್ಲಿ ಕ್ಷಯ. ಅದೇ ಚಳಿಗಾಲದಲ್ಲಿ ಕೆಮ್ಮಿನ ಜೊತೆ ರಕ್ತವೂ ಬಂತು.

ಅಂಥ ಚಳಿಗಾಲದಲ್ಲೇ, 1946ರ ಫೆಬ್ರವರಿ 9ರಂದು, ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಅವರ ಪಬ್ ಲೇಖನ ಪ್ರಕಟವಾಯ್ತು. ಹೆಸರು ‘ದಿ ಮೂನ್ ಅಂಡರ್ ವಾಟರ್’, ನೀರಿನಡಿಯ ಚಂದ್ರ. ತನಗೆ ತುಂಬಾ ಇಷ್ಟವಾದ ಪಬ್ಬಿನ ಹೆಸರು ಅದು ಅಂತ ಶುರು ಮಾಡಿ, ಒಂದೊಂದೇ ಗುಣ ಹೇಳ್ತಾ ಹೋಗ್ತಾರೆ. ಬಸ್ ಸ್ಟಾಪಿಗೆ ಹತ್ತಿರ, ಆದರೆ ಅಡ್ಡರಸ್ತೆಯಲ್ಲಿದೆ; ಹಾಗಾಗಿ ಗಲಾಟೆ ಮಾಡೋ ಕುಡುಕರಿಗೆ ದಾರಿ ಸಿಗೋದಿಲ್ಲ. ಕಟ್ಟಡ ವಿಕ್ಟೋರಿಯಾ ರಾಣಿ ಕಾಲದ್ದು. ಪ್ಲಾಸ್ಟಿಕ್ಕಿಗೆ ಮರದ ವೇಷ ಹಾಕಿಸಿಲ್ಲ. ಚಳಿಗಾಲದಲ್ಲಿ ಒಳ್ಳೆ ಬೆಂಕಿ. ಡಾರ್ಟ್ಸ್ ಆಟ ಒಂದು ಕೋಣೆಯಲ್ಲಿ ಮಾತ್ರ, ಉಳಿದ ಕಡೆ ಬಾಣ ಚುಚ್ಚುತ್ತೆ ಅನ್ನೋ ಹೆದರಿಕೆ ಇಲ್ಲದೆ ಓಡಾಡಬಹುದು. ಬಡಿಸುವ ಹೆಂಗಸರಿಗೆ ಬರುವವರ ಹೆಸರು ಗೊತ್ತು. ಅಂಚೆಚೀಟಿ, ತಲೆನೋವಿನ ಮಾತ್ರೆ ಸಿಗುತ್ತೆ, ಫೋನ್ ಮಾಡೋಕೂ ಬಿಡ್ತಾರೆ. ಕೆಳಗೆ ತಿಂಡಿ, ಮಹಡಿ ಮೇಲೆ ಮಧ್ಯಾಹ್ನದ ಊಟ, ಅದೂ ಸುಮಾರು ಮೂರು ಶಿಲಿಂಗಿಗೆ.

ಎಲ್ಲಕ್ಕಿಂತ ಮುಖ್ಯ, ಅಲ್ಲಿ ರೇಡಿಯೋ ಇಲ್ಲ, ಪಿಯಾನೋ ಇಲ್ಲ. ಮಾತಾಡಿದರೆ ಕೇಳಿಸುತ್ತೆ. ಗಂಟಲಿಗೆ ಗುಂಡು ಬಿದ್ದ ಮನುಷ್ಯನಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಈಗ ಗೊತ್ತಾಯ್ತಲ್ಲ!

ಇನ್ನೊಂದು ಗುಣ ಹಿತ್ತಲಿನ ತೋಟ. ಮರದ ನೆರಳು, ಹಸಿರು ಟೇಬಲ್, ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆ. 1908ರ ಕಾನೂನಿನ ಪ್ರಕಾರ ಸಣ್ಣ ಮಕ್ಕಳು ಬಾರಿನೊಳಗೆ ಬರುವ ಹಾಗಿರಲಿಲ್ಲ. ಆ ಕಾನೂನು ಮುರಿಯೋದೇ ಸರಿ ಅನ್ನೋ ಹಾಗೆ ಬರೆದುಬಿಟ್ಟರು. ಅವರ ವಾದ ಇಷ್ಟೇ: ಮಕ್ಕಳನ್ನು ಹೊರಗಿಟ್ಟರೆ ತಾಯಂದಿರೂ ಹೊರಗುಳೀತಾರೆ, ಕೊನೆಗೆ ಅದು ಗಂಡಸರು ಕುಡಿಯೋ ಅಂಗಡಿ ಆಗುತ್ತೆ, ಸಂಸಾರ ಕೂತು ಮಾತಾಡೋ ಜಾಗ ಆಗೋದಿಲ್ಲ. ಹೆಂಡತಿ ತೀರಿ ವರ್ಷ ತುಂಬದ, ಕೂಸನ್ನು ಒಬ್ಬರೇ ಸಾಕುತ್ತಿದ್ದ ಅಪ್ಪ ಬರೆದ ಸಾಲುಗಳು ಅಂತ ನೆನಪಿಟ್ಟುಕೊಂಡು ಓದಿದರೆ, ಆ ಖಾಲಿ ಉಯ್ಯಾಲೆ ಬೇರೆ ಥರ ಕಾಣುತ್ತೆ.

ಇಷ್ಟೆಲ್ಲ ಹೇಳಿ ಕೊನೆಗೆ ಗುಟ್ಟು ಬಿಡ್ತಾರೆ. ಹೀಗೊಂದು ಪಬ್ ಇಲ್ಲವೇ ಇಲ್ಲ! ಹತ್ತು ಗುಣವನ್ನೂ ತಲೆಯಲ್ಲೇ ಜೋಡಿಸಿದ್ದು. ಅವರಿಗೆ ಗೊತ್ತಿದ್ದ ಒಂದು ಪಬ್ಬಿಗೆ ಹತ್ತಕ್ಕೆ ಎಂಟು ಅಂಕ ಬಿದ್ದಿತ್ತು. ಕಳೆದುಹೋದ ಎರಡು ಅಂಕ ಯಾವುದಕ್ಕೆ ಗೊತ್ತಾ? ಪೀಪಾಯಿಯಿಂದ ನೇರವಾಗಿ ಹಿಡಿದುಕೊಡುವ ಸ್ಟೌಟ್ ಅನ್ನೋ ಕಪ್ಪು ಬಿಯರ್ ಅಲ್ಲಿರಲಿಲ್ಲ. ಪಿಂಗಾಣಿ ಮಗ್ ಇರಲಿಲ್ಲ. ಇಂಥ ಪಬ್ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ ಅಂತ ಓದುಗರನ್ನು ಕೇಳಿ ಲೇಖನ ಮುಗಿಸಿದರು. ಕ್ಯಾನನ್‌ಬರಿ ಹತ್ತಿರದ ‘ಕಾಂಪ್ಟನ್ ಆರ್ಮ್ಸ್’ ಅನ್ನೋ ಪಬ್ಬೂ ಈ ಕಲ್ಪನೆಗೆ ಸ್ಫೂರ್ತಿ ಅಂತ ಈಗಲೂ ಹೇಳೋರಿದ್ದಾರೆ.

ಅದೇ ವರ್ಷ ಅವರು ಸ್ಕಾಟ್ಲೆಂಡಿನ ಜೂರಾ ದ್ವೀಪದ ಒಂಟಿ ಮನೆಗೆ ಹೋದರು. ಅಲ್ಲಿ ಕೆಮ್ಮುತ್ತ, ಟೈಪ್ ಮಾಡುತ್ತ ‘ನೈಂಟೀನ್ ಎಯ್ಟಿ ಫೋರ್’ ಮುಗಿಸಿದರು. 1949ರ ಜೂನಿನಲ್ಲಿ ಬಂದ ಆ ಕಾದಂಬರಿಯಲ್ಲೂ ಒಂದು ಪಬ್ ಇದೆ. ಕಥಾನಾಯಕ ವಿನ್‌ಸ್ಟನ್ ಒಳಗೆ ಕಾಲಿಟ್ಟ ಕೂಡಲೇ ಮಾತು ತಗ್ಗುತ್ತೆ, ಡಾರ್ಟ್ಸ್ ಆಟ ಸ್ವಲ್ಪ ಹೊತ್ತು ನಿಲ್ಲುತ್ತೆ. ಅವನ ಪಕ್ಷದ ಸಮವಸ್ತ್ರ ನೋಡಿ ಜನಕ್ಕೆ ಭಯ. ಅಲ್ಲೊಬ್ಬ ಮುದುಕ ಒಂದು ಪೈಂಟ್ ಬಿಯರಿಗೆ ಜಗಳ ಆಡ್ತಿರ್ತಾನೆ. ಪೈಂಟ್ ಅಂದರೆ ಏನು ಅಂತಲೇ ಅಂಗಡಿಯವನಿಗೆ ಗೊತ್ತಿಲ್ಲ. ಈಗ ಏನಿದ್ದರೂ ಲೀಟರ್, ಅರ್ಧ ಲೀಟರ್. ಬ್ರಿಟನ್ನಿನ ಪೈಂಟ್ 568 ಮಿಲಿಲೀಟರ್. ಲೆಕ್ಕ ನೋಡಿದರೆ ಮುದುಕನಿಗೆ ಆಗಿದ್ದು 68 ಮಿಲಿಲೀಟರ್ ನಷ್ಟ. ನಾವೆಲ್ಲ ಮೆಟ್ರಿಕ್ ಪಕ್ಷದವರು, ನಗಬಹುದು. ಆದರೆ ಮುಂದೆ ವಿನ್‌ಸ್ಟನ್ ಅವನಿಗೆ ಬಿಯರ್ ಕೊಡಿಸಿ, ಹಳೆ ಕಾಲ ಈಗಿನದಕ್ಕಿಂತ ಚೆನ್ನಾಗಿತ್ತಾ ಅಂತ ಎಷ್ಟು ಕೇಳಿದರೂ, ಮುದುಕನ ಬಾಯಿಂದ ಬರೋದು ಟೋಪಿ, ಜಗಳದಂಥ ಚೂರುಪಾರು ನೆನಪು ಮಾತ್ರ. ನಿಜ ಏನಿತ್ತು ಅಂತ ಹೇಳಬಲ್ಲವರು ಯಾರೂ ಉಳಿದಿಲ್ಲ.

ಎರಡೂ ಪಬ್ಬನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಎಲ್ಲರಿಗೂ ಎಲ್ಲರ ಹೆಸರು ಗೊತ್ತು, ಮಾತು ಹರೀತಾ ಇದೆ. ಇನ್ನೊಂದರಲ್ಲಿ ಬಿಯರ್ ಇದೆ, ಮಾತು ಸತ್ತಿದೆ. ಆರ್ವೆಲ್ ಪಟ್ಟಿಯಲ್ಲಿ ಬಿಯರ್ ರುಚಿಗೆ ಅಷ್ಟು ಕಡಿಮೆ ಜಾಗ ಯಾಕೆ ಅಂತ ಇಲ್ಲಿ ಅರ್ಥ ಆಗುತ್ತೆ. ಭಯವಿಲ್ಲದೆ ಕೂತು ಹರಟೋ ಜಾಗ ಹೋದರೆ, ಅದರ ಹಿಂದೆ ನೆನಪೂ ಹೋಗುತ್ತೆ, ನಿಜವೂ ಹೋಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

1950ರ ಜನವರಿ 21ರಂದು ಲಂಡನ್ನಿನ ಆಸ್ಪತ್ರೆಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಸಟನ್ ಕೋರ್ಟ್ನಿ ಹಳ್ಳಿಯ ಸಮಾಧಿ ಕಲ್ಲಿನ ಮೇಲೆ ಆರ್ವೆಲ್ ಅನ್ನೋ ಹೆಸರಿಲ್ಲ, ಎರಿಕ್ ಆರ್ಥರ್ ಬ್ಲೇರ್ ಅಂತಷ್ಟೇ ಇದೆ. ಅವರ ಕಲ್ಪನೆಯ ಪಬ್ಬಿನ ಹೆಸರು ಮಾತ್ರ ಇಂಗ್ಲೆಂಡಿನ ಬೀದಿಗಳಲ್ಲಿ ಉಳೀತು. ವೆದರ್‌ಸ್ಪೂನ್ ಅನ್ನೋ ಪಬ್ ಸರಣಿಯವರು ತಮ್ಮ ಹಲವು ಪಬ್‌ಗಳಿಗೆ ‘ಮೂನ್ ಅಂಡರ್ ವಾಟರ್’ ಅಂತಲೇ ಹೆಸರಿಟ್ಟರು. ಮ್ಯಾಂಚೆಸ್ಟರಿನಲ್ಲಿ ಹಳೆ ಸಿನಿಮಾ ಥಿಯೇಟರ್ ಒಂದು ಈ ಹೆಸರಿನ ಪಬ್ ಆಯ್ತು. ಸಿನಿಮಾ ಬಂದು ಪಬ್ಬನ್ನು ನುಂಗುತ್ತೆ ಅಂತ ಕೊರಗಿದ್ದ ಮನುಷ್ಯ ಇದನ್ನು ನೋಡಿದ್ದರೆ ನಕ್ಕಿರುತ್ತಿದ್ದರೇನೋ.

ನಾಳೆ ಬ್ರೇಕಿನಲ್ಲಿ ಕ್ಯಾಂಟೀನಿಗೆ ಹೋದಾಗ ಒಂದು ಸಲ ಸುತ್ತ ನೋಡಿ. ನಿಮ್ಮ ಹೆಸರು ಟೀ ಕೊಡುವ ಅಣ್ಣನಿಗೆ ಗೊತ್ತಾ? ಎದುರಿಗೆ ಕೂತವರ ಮಾತು ಕೂಗದೆ ಕೇಳಿಸುತ್ತಾ? ಕೇಳಿಸಿದರೆ ಮಗ್ ಪಿಂಗಾಣಿಯದ್ದಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಹತ್ತಕ್ಕೆ ಎಂಟು ಸಿಕ್ಕರೆ ಫಸ್ಟ್ ಕ್ಲಾಸ್ ಪಾಸು.