ಜಾನ್ ನ್ಯೂಟನ್

ಜಾನ್ ನ್ಯೂಟನ್ (24 ಜುಲೈ 1725 – 21 ಡಿಸೆಂಬರ್ 1807) ಇಂಗ್ಲೆಂಡಿನ ಕ್ರೈಸ್ತ ಧರ್ಮಗುರು ಹಾಗೂ ಸ್ತುತಿಗೀತೆಗಳ ರಚನಕಾರ. ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿದ್ದ ಈತ ಮುಂದೆ ಪಾದ್ರಿಯಾಗಿ, ಇಳಿವಯಸ್ಸಿನಲ್ಲಿ ಅದೇ ವ್ಯಾಪಾರದ ವಿರುದ್ಧ ಸಾಕ್ಷ್ಯ ನುಡಿದ. 'ಅಮೇಜಿಂಗ್ ಗ್ರೇಸ್' ಎಂಬ ಗೀತೆಯಿಂದ ಈತನ ಹೆಸರು ಜಗತ್ತಿನಾದ್ಯಂತ ಪರಿಚಿತವಾಗಿದೆ.

ಆರಂಭಿಕ ಜೀವನ

ನ್ಯೂಟನ್ ಲಂಡನ್ನಿನ ವಾಪಿಂಗ್‌ನಲ್ಲಿ ಜನಿಸಿದ. ತಂದೆ ವ್ಯಾಪಾರಿ ಹಡಗಿನ ಕಪ್ತಾನ. ಮಗನಿಗೆ ಬೈಬಲ್ ಪಾಠ ಹೇಳಿಕೊಡುತ್ತಿದ್ದ ತಾಯಿ ಎಲಿಜಬೆತ್, ಅವನಿಗೆ ಏಳು ವರ್ಷ ತುಂಬುವ ಮೊದಲೇ ಕ್ಷಯರೋಗದಿಂದ ತೀರಿಕೊಂಡಳು. ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯೊಡನೆ ಸಮುದ್ರಯಾನ ಆರಂಭಿಸಿದ ಈತನನ್ನು ಮುಂದೆ ನೌಕಾಪಡೆಯವರು ಬಲವಂತವಾಗಿ 'ಹಾರ್ವಿಚ್' ಯುದ್ಧನೌಕೆಗೆ ಸೇರಿಸಿಕೊಂಡರು. ತಪ್ಪಿಸಿಕೊಂಡು ಹೋಗಿ ಸಿಕ್ಕಿಬಿದ್ದು ಛಡಿಯೇಟು ತಿಂದ, ದರ್ಜೆಯನ್ನೂ ಕಳೆದುಕೊಂಡ. ಬಳಿಕ ಪಶ್ಚಿಮ ಆಫ್ರಿಕದ ತೀರದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆ ನಿಂತು, ಹಸಿವು, ಕಾಯಿಲೆ ಮತ್ತು ಅವಮಾನಗಳಲ್ಲಿ ದಿನ ಕಳೆದ. ಈ ವೇಳೆಗೆ ತಾಯಿ ಕಲಿಸಿದ ನಂಬಿಕೆಯನ್ನು ತೊರೆದದ್ದಷ್ಟೇ ಅಲ್ಲ, ಇತರರ ನಂಬಿಕೆಯನ್ನು ಗೇಲಿ ಮಾಡುವುದೂ ಅವನಿಗೆ ರೂಢಿಯಾಗಿತ್ತು.

ಬಿರುಗಾಳಿ ಮತ್ತು ನಂತರ

1748ರ ಮಾರ್ಚ್‌ನಲ್ಲಿ ಊರಿಗೆ ಮರಳುತ್ತಿದ್ದ 'ಗ್ರೇಹೌಂಡ್' ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಗೆ ಸಿಲುಕಿತು. ಒಳನುಗ್ಗಿದ ನೀರನ್ನು ಹೊರಹಾಕುತ್ತ ಗಂಟೆಗಟ್ಟಲೆ ದುಡಿದ ನ್ಯೂಟನ್, ಬಹುಕಾಲದ ಮೇಲೆ ದೇವರ ಕರುಣೆಯನ್ನು ಬೇಡಿದ. ಸುಮಾರು ನಾಲ್ಕು ವಾರಗಳ ಬಳಿಕ ಹಡಗು ಐರ್ಲೆಂಡ್ ತಲುಪಿತು. ಬಿರುಗಾಳಿಯ ದಿನವನ್ನು ಆತ ಬದುಕಿನುದ್ದಕ್ಕೂ ಸ್ಮರಣೆಯ ದಿನವಾಗಿ ಆಚರಿಸಿದ.

ಈ ಘಟನೆಯೊಂದಿಗೇ ನ್ಯೂಟನ್ ಗುಲಾಮ ವ್ಯಾಪಾರವನ್ನು ತ್ಯಜಿಸಿದನೆಂಬ ಕಥೆ ಬಹಳ ಪ್ರಚಲಿತವಾಗಿದೆ, ಅದು ಸರಿಯಲ್ಲ. 1750ರಿಂದ 1754ರವರೆಗೆ ಆತ ಕಪ್ತಾನನಾಗಿ ಮೂರು ಬಾರಿ ಗುಲಾಮರನ್ನು ಸಾಗಿಸಿದ. ಭಾನುವಾರಗಳಂದು ನಾವಿಕರಿಗಾಗಿ ಪ್ರಾರ್ಥನೆ ನಡೆಸುತ್ತಿದ್ದ. ಅದೇ ಹಡಗಿನ ಕೆಳ ಅಂತಸ್ತಿನಲ್ಲಿ ಆಫ್ರಿಕದ ಜನರು ಸಂಕೋಲೆಗಳಲ್ಲಿದ್ದರು. ದಂಗೆಯ ಸಂಚಿನ ಶಂಕೆ ಬಂದಾಗ ಸೆರೆಯಲ್ಲಿದ್ದ ಹುಡುಗರ ಬೆರಳುಗಳಿಗೆ ಹಿಂಸೆಯ ತಿರುಪು ಹಾಕಿಸಿದ್ದನ್ನು ಆತನ ದಿನಚರಿಯೇ ದಾಖಲಿಸಿದೆ. ನೌಕಾವೃತ್ತಿಯನ್ನು ಬಿಟ್ಟದ್ದು 1754ರಲ್ಲಿ, ಅದೂ ಅನಾರೋಗ್ಯದ ಕಾರಣದಿಂದ. ಬಿರುಗಾಳಿಯ ದಿನ ತಾನಿನ್ನೂ ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲವೆಂದು ಮುಂದೆ ಆತನೇ ಒಪ್ಪಿಕೊಂಡಿದ್ದಾನೆ.

ಓಲ್ನಿಯ ಪಾದ್ರಿ

ಕೆಲಕಾಲ ಲಿವರ್‌ಪೂಲ್ ಬಂದರಿನ ಸುಂಕದ ಅಧಿಕಾರಿಯಾಗಿದ್ದು, ಗ್ರೀಕ್ ಮತ್ತು ಹೀಬ್ರೂ ಭಾಷೆಗಳನ್ನು ಅಭ್ಯಾಸ ಮಾಡಿ, 1764ರಲ್ಲಿ ಆಂಗ್ಲಿಕನ್ ಗುರುದೀಕ್ಷೆ ಪಡೆದ. ಲೇಸ್ ಹೆಣೆಯುವ ಬಡವರೇ ಹೆಚ್ಚಾಗಿದ್ದ ಓಲ್ನಿ ಎಂಬ ಊರಿನಲ್ಲಿ ನೇಮಕವಾಯಿತು. ತನ್ನ ಪತನದ ಕಥೆಯನ್ನು ಮುಚ್ಚಿಡದೆ, ಇಂಥವನಿಗೂ ಕ್ಷಮೆ ದೊರೆಯಿತೆಂಬುದನ್ನೇ ಉಪದೇಶದ ತಿರುಳಾಗಿಸಿದ. 'ಅಮೇಜಿಂಗ್ ಗ್ರೇಸ್' 1773ರ ಹೊಸವರ್ಷದ ದಿನದ ಉಪದೇಶಕ್ಕಾಗಿ ರಚಿತವಾದದ್ದು. ಇಂದು ಹಾಡುವ ಧಾಟಿ ಅದಕ್ಕೆ ಜೋಡಣೆಯಾದದ್ದು 1835ರಲ್ಲಿ, ಅಮೆರಿಕದಲ್ಲಿ.

ಕವಿ ವಿಲಿಯಂ ಕೂಪರ್ ಓಲ್ನಿಯಲ್ಲಿ ಆತನ ನೆರೆಯವನೂ ಆಪ್ತಮಿತ್ರನೂ ಆಗಿದ್ದ. 1773ರಲ್ಲಿ ಕೂಪರ್ ತೀವ್ರ ಖಿನ್ನತೆಗೆ ಒಳಗಾಗಿ, ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟನೆಂದು ನಂಬಿದ. ನ್ಯೂಟನ್ ದಂಪತಿಗಳು ಅವನನ್ನು ವರ್ಷಕ್ಕೂ ಮೇಲ್ಪಟ್ಟು ತಮ್ಮ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದರು. ಆದರೆ ಎಲ್ಲರಿಗೂ ಕ್ಷಮೆಯ ಭರವಸೆ ಕೊಡುತ್ತಿದ್ದ ಪಾದ್ರಿಗೆ ಗೆಳೆಯನ ಮನಸ್ಸನ್ನು ಒಪ್ಪಿಸುವುದು ಕೊನೆಗೂ ಸಾಧ್ಯವಾಗಲಿಲ್ಲ. ಇಬ್ಬರ ಗೀತೆಗಳೂ ಸೇರಿದ 'ಓಲ್ನಿ ಹಿಮ್ಸ್' 1779ರಲ್ಲಿ ಪ್ರಕಟವಾಯಿತು. ಅದರಲ್ಲಿನ 348 ಗೀತೆಗಳಲ್ಲಿ ಹೆಚ್ಚಿನವು ನ್ಯೂಟನ್‌ನವು.

ಗುಲಾಮ ವ್ಯಾಪಾರದ ವಿರೋಧ

ಮುಂದೆ ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ಚರ್ಚಿನ ಗುರುವಾದ. 1785ರಲ್ಲಿ ಯುವ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ರಾಜಕೀಯವನ್ನು ತ್ಯಜಿಸುವ ಯೋಚನೆಯಿಂದ ಗುಟ್ಟಾಗಿ ಬಂದು ಕಂಡಾಗ, ಸಂಸತ್ತಿನಲ್ಲೇ ಉಳಿಯುವಂತೆ ಸಲಹೆ ನೀಡಿದ. 1788ರಲ್ಲಿ ಆಫ್ರಿಕದ ಗುಲಾಮ ವ್ಯಾಪಾರವನ್ನು ಕುರಿತ ಕಿರುಹೊತ್ತಗೆಯನ್ನು ಪ್ರಕಟಿಸಿ, ಹಡಗುಗಳ ಒಳಗಿನ ಸ್ಥಿತಿಯನ್ನು ವಿವರಿಸಿದ. ತನ್ನ ಈ ತಪ್ಪೊಪ್ಪಿಗೆ ಬಹಳ ತಡವಾದದ್ದೆಂದೂ ಅದರಲ್ಲಿ ಹೇಳಿಕೊಂಡಿದ್ದಾನೆ. ಕಡಲನ್ನು ಬಿಟ್ಟು ಆಗಲೇ 34 ವರ್ಷಗಳು ಕಳೆದಿದ್ದವು. ಪ್ರಿವಿ ಕೌನ್ಸಿಲ್ ಮುಂದೆಯೂ ಸಾಕ್ಷ್ಯ ನುಡಿದ.

ನಿಧನ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ 1807ರ ಮಾರ್ಚ್‌ನಲ್ಲಿ ಅಂಗೀಕಾರವಾಯಿತು. ದೃಷ್ಟಿ ಮಂದವಾಗಿದ್ದ ನ್ಯೂಟನ್ ಅದೇ ಡಿಸೆಂಬರ್‌ನಲ್ಲಿ ನಿಧನನಾದ. 1893ರಲ್ಲಿ ಆತನ ಮತ್ತು ಪತ್ನಿ ಮೇರಿಯ ಅವಶೇಷಗಳನ್ನು ಓಲ್ನಿಗೆ ಸ್ಥಳಾಂತರಿಸಲಾಯಿತು. ಸಮಾಧಿಯ ಬರಹವನ್ನು ಆತನೇ ರಚಿಸಿದ್ದ. ತಾನೊಮ್ಮೆ ನಾಸ್ತಿಕನೂ ಸ್ವೇಚ್ಛಾಚಾರಿಯೂ ಆಗಿದ್ದುದು, ಆಫ್ರಿಕದಲ್ಲಿ ಗುಲಾಮರ ಸೇವಕನಾಗಿದ್ದುದು, ಕ್ರಿಸ್ತನ ಕರುಣೆಯಿಂದ ಕ್ಷಮೆ ಪಡೆದುದು ಅದರಲ್ಲಿವೆ. ಕಪ್ತಾನನಾಗಿದ್ದ ವರ್ಷಗಳ ಉಲ್ಲೇಖವಿಲ್ಲ.